ಅಕ್ಕನ ದನಿ ಇಳಿಯುತ್ತಿದೆ

ಜನವರಿ 12

ಅಕ್ಕಾ,

ನೀನು ಕಳಿಸಿದ ಎರಡು ಫೈಲೂ ತಲುಪಿದವು. ಒಂದರಲ್ಲಿ ನೀನು, ಇನ್ನೊಂದರಲ್ಲಿ ನಿಮ್ಮ ಹೆಡ್ ಸಿಸ್ಟರ್. ಮೂರು ವರ್ಷದ ಮೇಲೆ ನಿನ್ನ ದನಿ ಕಿವಿಗೆ ಬಿತ್ತು. ಕೆಲಸ ಶುರು ಮಾಡದೆ ಹತ್ತು ನಿಮಿಷ ಸುಮ್ಮನೆ ಕೇಳುತ್ತ ಕೂತಿದ್ದೆ. ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ?

ನಿನ್ನ ಷರತ್ತು ನನಗೆ ಒಪ್ಪಿಗೆ. ಫೋನ್ ಬೇಡ, ಕಾಗದ ಸಾಕು. ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಕಿತ್ತಾಡುತ್ತೇವೆ. ಕಾಗದದಲ್ಲಿ ಬೈಯಬೇಕೆಂದರೆ ಮೊದಲು ಪೆನ್ನು ಹುಡುಕಬೇಕು, ಆಮೇಲೆ ಲಕೋಟೆ, ಆಮೇಲೆ ಅಂಚೆ ಡಬ್ಬಿಯವರೆಗೆ ನಡೆಯಬೇಕು. ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ.

ಇನ್ನು ಕೆಲಸದ ಮಾತು. ನಿವೃತ್ತರಾದ ನರ್ಸುಗಳು, ಆಯಾಗಳು, ವಾರ್ಡಿನವರನ್ನೆಲ್ಲ ಕೂರಿಸಿ ಮಾತಾಡಿಸುವ ನಿನ್ನ ‘ಪಾಳಿ’ ಪಾಡ್‌ಕಾಸ್ಟ್ ಕೇಳುವವರಿಗೆ ನೀವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತ ಹಾಗೆ ಅನಿಸಬೇಕು. ಅದಕ್ಕೆ ನಿನ್ನ ದನಿಯನ್ನು ಎಡಗಿವಿಯ ಕಡೆಗೆ ಚೆನ್ನಾಗಿ ಸರಿಸಿ, ಅತಿಥಿಯನ್ನು ಬಲಗಿವಿಯ ಕಡೆಗೆ ಕೂರಿಸುತ್ತೇನೆ. ಈಗಿನವರು ಇಬ್ಬರನ್ನೂ ನಡುವೆಯೇ ತುರುಕುತ್ತಾರೆ. ನಾನು ಹಳೇ ಕಾಲದವನು.

ಆಮೇಲೆ ಇಬ್ಬರ ದನಿಯನ್ನೂ ಸಮ ಮಾಡಬೇಕು. ಹೆಡ್ ಸಿಸ್ಟರ್ ಮಾತಾಡುತ್ತ ಮಾತಾಡುತ್ತ ಮೈಕಿನಿಂದ ಹಿಂದೆ ಸರಿಯುತ್ತಾರೆ, ನೀನು ಮೈಕನ್ನು ನುಂಗುವುದೊಂದು ಬಾಕಿ. ಅವರನ್ನು ಏರಿಸಿದೆ, ನಿನ್ನನ್ನು ಇಳಿಸಿದೆ. ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಮೀಟರ್ ಇರುತ್ತದೆ. ನಾನು ಅದರ ಮೇಲೆ ಕಾಗದದ ಪಟ್ಟಿ ಅಂಟಿಸಿಬಿಟ್ಟಿದ್ದೇನೆ. ಸ್ಟುಡಿಯೋ ಸೇರಿದ ಮೊದಲ ದಿನವೇ ನಮ್ಮ ಮೇಷ್ಟ್ರು ಅದನ್ನು ಮಾಡಿಸಿದ್ದರು. “ಮೀಟರ್ ನೋಡ್ಕೊಂಡು ಕೆಲಸ ಮಾಡೋನು ಗುಮಾಸ್ತ ಕಣಯ್ಯಾ. ನಿನಗೆ ದೇವರು ಕಿವಿ ಯಾಕೆ ಕೊಟ್ಟಿದಾನೆ?” ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಹಾಗೇ ಮಾಡಿದ್ದೇನೆ. ಒಬ್ಬರೂ ಬೆರಳು ತೋರಿಸಿಲ್ಲ.

ಕೇಳಿ ಹೇಗಿದೆ ಬರೆ.

ನಿನ್ನ ತಮ್ಮ

*

ಜನವರಿ 27

ಪಾಪು,

ಐವತ್ತೆಂಟು ವರ್ಷದವನನ್ನು ಪಾಪು ಎನ್ನಬೇಡ ಎಂದು ಇನ್ನೊಂದು ತಕರಾರು ತೆಗೆಯಬೇಡ. ನೀನು ಎಷ್ಟಾದರೂ ಬೆಳೆ, ನಾನು ನಿನಗಿಂತ ನಾಲ್ಕು ವರ್ಷ ಮುಂದೆಯೇ ಇರುತ್ತೇನೆ.

ಎಷ್ಟು ಚೆನ್ನಾಗಿದೆ ಅಂತೀ! ಹೆಡ್ ಸಿಸ್ಟರ್ ಕೇಳಿದವರೇ, “ಇದು ನಾನೇನಾ? ನನ್ನ ಮಾತು ಇಷ್ಟು ಸ್ಪಷ್ಟವಾಗಿ ಇದೆಯಾ?” ಎಂದರು. ಅವರ ಕೈಕೆಳಗೆ ಹತ್ತೊಂಬತ್ತು ವರ್ಷ ದುಡಿದಿದ್ದೇನೆ. ಆ ಹೆಂಗಸು ನಕ್ಕಿದ್ದನ್ನು ನೋಡಿದ್ದು ಇದೇ ಮೊದಲು.

ರೆಕಾರ್ಡ್ ಮಾಡಿದ್ದು ನಮ್ಮ ಮನೆಯ ಸಾಮಾನು ಕೋಣೆಯಲ್ಲಿ. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದೆಂದು ನೀನು ಹಿಂದೆಂದೋ ಹೇಳಿದ್ದೆಯಲ್ಲ, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಗೋಡೆಗೆ ನೇತು ಹಾಕಿದೆ. ಫ್ಯಾನ್ ಹಾಕುವಂತಿಲ್ಲ. ನಾವಿಬ್ಬರೂ ಬೆವರಿ ಒದ್ದೆಯಾದೆವು. ಮುಗಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೆರಿಗೆ ವಾರ್ಡಿನಿಂದ ಆಚೆ ಬಂದವರ ಹಾಗಿದ್ದೇವೆ ಎಂದು ನಕ್ಕೆವು.

ನಿನ್ನ ಕೈ ಇನ್ನೂ ಪಳಗಿದ ಕೈಯೇ. ಅಮ್ಮ ಇದ್ದಿದ್ದರೆ ಹತ್ತು ಜನಕ್ಕೆ ಹೇಳಿಕೊಂಡು ಬರುತ್ತಿದ್ದಳು.

ಅಕ್ಕ

*

ಮಾರ್ಚ್ 4

ಅಕ್ಕಾ,

ಮೂರನೆಯ ಕಂತು ಮುಗಿಸಿ ಕಳಿಸಿದ್ದೇನೆ. ತಡವಾಯಿತು. ಕೆಳಗಿನ ಮನೆಗೆ ಬಂದವನು ಒಂದು ಹಳೆಯ ಫ್ರಿಜ್ ತಂದಿದ್ದಾನೆ. ಹಗಲೆಲ್ಲ ಗುಂಯ್ ಎನ್ನುತ್ತದೆ. ಹೇಳಿ ನೋಡಿದೆ, ನನಗೇನೂ ಕೇಳಿಸಲ್ಲವಲ್ಲ ಸಾರ್ ಎನ್ನುತ್ತಾನೆ. ಅವನಿಗೆ ಕಿವಿಯಿದ್ದರೆ ತಾನೆ!

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಊಟ ಸರಿಯಾಗಿ ಮಾಡುತ್ತಿದ್ದೀಯಾ? ನಿನ್ನ ದನಿ ಮೊದಲಿನ ಹಾಗಿಲ್ಲ. ಮೊದಲ ಕಂತಿನಲ್ಲಿ ನಿನ್ನನ್ನು ಇಳಿಸಬೇಕಾಯಿತು, ಎರಡರಲ್ಲಿ ಹಾಗೇ ಬಿಟ್ಟೆ, ಈ ಸಲ ಏರಿಸಬೇಕಾಯಿತು. ಮಾತಿನ ಕೊನೆಯ ಅಕ್ಷರಗಳು ತಳ ಸೇರಿಬಿಡುತ್ತವೆ. ಉಸಿರು ಸಾಲುತ್ತಿಲ್ಲವೇನೋ ಅನಿಸಿತು. ಹತ್ತೊಂಬತ್ತನೇ ನಿಮಿಷದಲ್ಲಿ ಕೆಮ್ಮಿದ್ದೀಯ, ಅದನ್ನು ತೆಗೆದಿದ್ದೇನೆ.

ನಾನೂ ಇತ್ತೀಚೆಗೆ ಮೆಟ್ಟಿಲು ಇಳಿಯುವಾಗ ಎರಡು ಸಲ ಜೋಲಿ ಹೊಡೆದೆ. ವಯಸ್ಸು ಇಬ್ಬರಿಗೂ ಆಗುತ್ತಿದೆ. ವಿಶ್ರಾಂತಿ ಬೇಕೆಂದರೆ ಒಂದು ತಿಂಗಳು ‘ಪಾಳಿ’ ನಿಲ್ಲಿಸೋಣ. ಕೇಳುವವರು ಎಲ್ಲೂ ಓಡಿಹೋಗುವುದಿಲ್ಲ.

ತಮ್ಮ

*

ಮಾರ್ಚ್ 16

ಪಾಪು,

ಗುಂಡುಕಲ್ಲಿನ ಹಾಗಿದ್ದೇನೆ. ಬೆಳಿಗ್ಗೆ ಎರಡು ಮೈಲಿ ನಡೆಯುತ್ತೇನೆ, ಬಂದು ನಾಲ್ಕು ಚಪಾತಿ ತಿನ್ನುತ್ತೇನೆ. ಕೆಮ್ಮಿದ್ದು ಕಂಬಳಿಯ ಧೂಳಿಗೆ.

ದನಿ ಇಳಿದಿದೆ ಎಂದು ಬರೆದಿದ್ದೀಯ. ಇಲ್ಲಿ ಹೇಳುವವರು ಉಲ್ಟಾ ಹೇಳುತ್ತಿದ್ದಾರೆ. ಎದುರು ಮನೆಯವರು ನಿನ್ನೆ, “ಸಿಸ್ಟರ್, ನೀವು ಸ್ವಲ್ಪ ಮೆತ್ತಗೆ ಮಾತಾಡ್ಬೇಕು ಕಣ್ರೀ, ಬಂದೋರನ್ನ ಗದರಿಸೋ ಹಾಗೆ ಕೇಳ್ಸುತ್ತೆ” ಎಂದರು. ಮುಂದಿನ ಸಲ ನನ್ನನ್ನು ಒಂದು ಮೆಟ್ಟಿಲು ಇಳಿಸಿಬಿಡು. ನಿನಗೆ ಹೇಳಿಕೊಡುವಷ್ಟು ನನಗೆ ಗೊತ್ತಿಲ್ಲ, ಜನ ಹೇಳಿದ್ದನ್ನು ಹೇಳಿದೆ ಅಷ್ಟೆ.

‘ಪಾಳಿ’ ನಿಲ್ಲಿಸುವ ಮಾತು ಬೇಡ. ಹೆರಿಗೆ ವಾರ್ಡಿನ ಆಯಾ ಬರಲು ಒಪ್ಪಿದ್ದಾಳೆ. ಎಂಬತ್ತೊಂದು ವರ್ಷ ಅವಳಿಗೆ. ಅವಳ ಮಾತು ಸಿಕ್ಕರೆ ಈ ಕೆಲಸ ಶುರು ಮಾಡಿದ್ದಕ್ಕೂ ಸಾರ್ಥಕ.

ಅಕ್ಕ

*

ಏಪ್ರಿಲ್ 9

ಅಕ್ಕಾ,

ಆಯಾ ಅವರ ಕಂತು ಕಳಿಸಿದ್ದೇನೆ. ಅವರು ಚೆನ್ನಾಗಿ ಕೇಳಿಸುತ್ತಾರೆ, ವಯಸ್ಸಾಗಿದ್ದರೂ ಗಟ್ಟಿ ದನಿ. ನೀನೇ ಕೇಳಿಸುತ್ತಿಲ್ಲ. ಇಳಿಸು ಎಂದು ಬರೆದಿದ್ದೆ. ಹೇಗೆ ಇಳಿಸಲಿ? ಇದ್ದರೆ ತಾನೆ ಇಳಿಸುವುದು? ಸಾಧ್ಯವಾದಷ್ಟು ಏರಿಸಿದ್ದೇನೆ. ಆದರೂ ಬಾವಿಯ ತಳದಿಂದ ಮಾತಾಡುತ್ತೀಯ.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಗಂಟಲನ್ನು ಯಾರಿಗಾದರೂ ತೋರಿಸಿದ್ದೀಯಾ? ಏನೆಂದರು? ನಾಲ್ಕು ಚಪಾತಿಯ ಕಥೆ ಬೇಡ. ಅಮ್ಮನ ದನಿಯೂ ಹೀಗೇ ತಿಂಗಳು ತಿಂಗಳು ಇಳಿಯಿತು. ನಾನು ಫೋನ್ ಮಾಡಿದಾಗಲೆಲ್ಲ ನೀನು ಶೀತ ಎಂದೆ, ಧೂಳು ಎಂದೆ. ಎಂಟು ತಿಂಗಳು ನಿನಗೆ ಗೊತ್ತಿತ್ತು. ನನಗೆ ಗೊತ್ತಾದಾಗ ಹದಿನಾರು ದಿನ ಉಳಿದಿತ್ತು. ಅಮ್ಮನೇ ಹೇಳಬೇಡ ಅಂದಿದ್ದಳು ಎಂದು ನೀನು ಹೇಳಿದ್ದು ನಿಜವೇ ಇರಬಹುದು. ಆದರೆ ಆ ಎಂಟು ತಿಂಗಳು ನನಗೆ ಇನ್ನು ಸಿಗುವುದಿಲ್ಲ.

ಈಗ ನಿನ್ನ ಸರದಿಯಾಗಿದ್ದರೆ ಹೇಳಿಬಿಡು. ನಾನು ತಡೆದುಕೊಳ್ಳುತ್ತೇನೆ. ಮುಚ್ಚಿಟ್ಟರೆ ಮಾತ್ರ ತಡೆದುಕೊಳ್ಳಲಾರೆ.

ತಮ್ಮ

*

ಏಪ್ರಿಲ್ 21

ತಮ್ಮನಿಗೆ,

ಆಯಾಳ ಕಂತು ಕೇಳಿದೆ. ಅವಳ ಮನೆಯವರೂ ಕೇಳಿದರು. ಮಗಳು, ಅಳಿಯ, ಮೊಮ್ಮಕ್ಕಳು, ಅಕ್ಕಪಕ್ಕದವರು, ಎಲ್ಲರನ್ನೂ ಕರೆದು ಕೂರಿಸಿಕೊಂಡು ಕೇಳಿದರಂತೆ. ಅರ್ಧಕ್ಕೇ ಆಯಾ ಎದ್ದು ಒಳಗೆ ಹೋದಳಂತೆ. ಮಗಳು ನನ್ನ ಮನೆಗೆ ಬಂದು, “ನಮ್ಮಮ್ಮ ಏನು ಹೇಳಿದ್ಲು ಅಂತಾನೇ ಗೊತ್ತಾಗ್ಲಿಲ್ಲ ಸಿಸ್ಟರ್. ಬರೀ ನೀವೇ ಕೇಳಿಸ್ತೀರ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಆಯಾ ಏನು ಹೇಳಿದಳೆಂದು ನಿನಗಾದರೂ ಗೊತ್ತಿರಬೇಕು. ತಾಯಿ ಬಿಟ್ಟುಹೋದ ಮಗುವೊಂದನ್ನು ಹನ್ನೊಂದು ದಿನ, ಪಾಳಿ ಮುಗಿದ ಮೇಲೂ ಮನೆಗೆ ಹೋಗದೆ, ವಾರ್ಡಿನ ಬಟ್ಟೆ ಇಡುವ ಲಿನನ್ ಕೋಣೆಯಲ್ಲಿ ಎದೆಗೆ ಕಟ್ಟಿಕೊಂಡು ಕೂತಿದ್ದಳು. ಹನ್ನೆರಡನೆಯ ದಿನ ಅದು ಹೋಯಿತು. ನಲವತ್ತು ವರ್ಷದಲ್ಲಿ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನನ್ನನ್ನು ನಂಬಿ ಹೇಳಿದಳು. ಅದರ ಮೇಲೆ ನನ್ನ “ಹೌದಾ? ಆಮೇಲೆ?” ಎಂಬ ಅರಚಾಟ.

ಫೈಲನ್ನು ನಮ್ಮ ಎಕ್ಸ್‌ರೇ ವಿಭಾಗದ ಹುಡುಗಿಗೆ ತೋರಿಸಿದೆ, ಅವಳಿಗೆ ಇದೆಲ್ಲ ಗೊತ್ತು. ಮೀಟರ್ ನೋಡಿ ಅವಳೇ ಬೆಚ್ಚಿದಳು. ನನ್ನ ದನಿ ಹೋಗಿ ಕೆಂಪು ಗೆರೆಗೆ ಬಡಿಯುತ್ತದೆ, ಆಯಾಳದು ಅದರ ಕಾಲು ಭಾಗವೂ ಇಲ್ಲ. ನಾನು ಕಳಿಸಿದ ಮೂಲದಲ್ಲಿ ಹಾಗಿಲ್ಲ, ಅಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಒಂದೊಂದು ಕಂತಿಗೂ ನನ್ನನ್ನು ನೀನು ಏರಿಸುತ್ತ ಬಂದಿದ್ದೀಯ. ಇಳಿಸು ಎಂದು ಬರೆದ ಮೇಲೆ ಇನ್ನಷ್ಟು ಏರಿಸಿದ್ದೀಯ.

ಮೂವತ್ತೊಂದು ವರ್ಷದ ಅನುಭವದವನು ಕೈತಪ್ಪಿ ಹೀಗೆ ಮಾಡಿದ ಎಂದರೆ ನಾನು ನಂಬಬೇಕೆ? ಅಮ್ಮ ಹೋದ ದಿನ ಅಂಗಳದಲ್ಲಿ ಎಲ್ಲರೆದುರು ನೀನು ಏನೆಂದೆ, ನಾನು ಮರೆತಿಲ್ಲ. “ಈ ಮನೇಲಿ ಯಾವತ್ತೂ ನಿನ್ನ ಗಂಟಲೊಂದೇ ಕೇಳ್ಸೋದು. ಬೇರೆ ಯಾರಿಗೂ ಬಾಯಿಲ್ಲ.” ಆ ಮಾತನ್ನು ಈಗ ಊರಿಗೆಲ್ಲ ಕೇಳಿಸಿದ್ದೀಯ. ಅದರ ಜೊತೆಗೆ ಗಂಟಲು ತೋರಿಸು ಎಂಬ ಉಪಚಾರ ಬೇರೆ. ನನ್ನ ಮೇಲಿನ ಹಗೆಯನ್ನು ನನ್ನ ಮೇಲೇ ತೀರಿಸಿಕೋ. ಆ ಮುದುಕಿ ನಿನಗೇನು ಮಾಡಿದ್ದಳು?

ಇನ್ನು ಎಡಿಟ್ ಮಾಡುವುದು ಬೇಡ. ಫೈಲುಗಳನ್ನು ವಾಪಸು ಕಳಿಸು.

ಅಕ್ಕ

*

ಮೇ 3

ಅಕ್ಕನಿಗೆ,

ನಿಮ್ಮ ಪತ್ರ ತಲುಪಿತು. ನಾಲ್ಕು ಕಂತುಗಳ ಮೂಲ ಫೈಲುಗಳನ್ನು ಇಂದು ಕಳಿಸಿದ್ದೇನೆ. ನನ್ನ ಬಳಿ ಪ್ರತಿ ಉಳಿದಿದೆ, ಬೇಡವೆಂದರೆ ಅಳಿಸುತ್ತೇನೆ. ಆಯಾ ಅವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ.

ಇಂತಿ,
ತಮ್ಮ

*

ಜೂನ್ 12

ಅಕ್ಕಾ,

ಹೋದ ಕಾಗದದಲ್ಲಿ ನಿನಗೆ ಬಹುವಚನ ಹಚ್ಚಿದ್ದೆ. ಬರೆದು ಡಬ್ಬಿಗೆ ಹಾಕಿದ ಮೇಲೆ ಕೈ ಹಾಕಿ ತೆಗೆಯಲು ಆಗುತ್ತದೆಯೇ ಎಂದು ನೋಡಿದೆ, ಆಗಲಿಲ್ಲ. ಆಮೇಲೆ ಐದು ವಾರ ಏನೂ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಈ ಕಾಗದವನ್ನು ಹರಿಯದೆ ಪೂರ್ತಿ ಓದು.

ನಿನ್ನ ಎಕ್ಸ್‌ರೇ ಹುಡುಗಿಯ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಮೀಟರ್ ನೋಡುವ ಹುಡುಗಿ ನನಗೆ ಹೇಳಿಕೊಡುವುದೇ ಎಂದು. ನೀನು ಅವಳನ್ನು ಮುಂದೆ ಮಾಡಿಕೊಂಡು ಕಾಯಿಲೆ ಮುಚ್ಚಿಡುತ್ತಿದ್ದೀಯ ಎಂದೇ ನಂಬಿದ್ದೆ. ಅವಳ ಮಾತು ಸುಳ್ಳೆಂದು ತೋರಿಸಲು ಮೊನ್ನೆ ಆಯಾ ಅವರ ಕಂತು ತೆರೆದು, ಪರದೆಯ ಮೇಲಿನ ಕಾಗದದ ಪಟ್ಟಿ ಕಿತ್ತೆ. ನೀನು ಬಾಯಿ ತೆರೆದಾಗಲೆಲ್ಲ ಮೀಟರ್ ಕೆಂಪಿಗೆ ಹೋಗಿ ಬಡಿಯುತ್ತಿತ್ತು. ನನ್ನ ಕಿವಿಗೆ ಮಾತ್ರ ನೀನು ಪಿಸುಗುಡುತ್ತಿದ್ದೆ.

ಮೀಟರ್ ಕೆಟ್ಟಿದೆ ಅಂದುಕೊಂಡೆ. ಆಮೇಲೆ ವೈರು. ವೈರು ಬದಲಿಸಿದೆ. ಹೆಡ್‌ಫೋನಿನ ಒಂದು ಬದಿ ಹೋಗಿರಬೇಕೆಂದು, ಅದನ್ನು ತಿರುಗಿಸಿ ಹಾಕಿಕೊಂಡೆ. ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ.

ಅಕ್ಕಾ, ನೀನು ಬಂದೆ. ತಾರಸಿಯ ಮೇಲೆ ನಿಂತು ಬೀದಿಯ ಕೊನೆಗೆ ಕೇಳುವ ಹಾಗೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದೆಯಲ್ಲ, ಅದೇ ದನಿ, ಪೂರ್ತಿ. ಬಲಗಿವಿ ಒಡೆದುಹೋಗುವಷ್ಟು. ಆಯಾ ಮಾತ್ರ ಬಾವಿಗೆ ಬಿದ್ದರು. ಮತ್ತೆ ತಿರುಗಿಸಿದೆ, ನೀನು ಬಾವಿಗೆ ಬಿದ್ದೆ. ಹೀಗೆ ಆರೇಳು ಸಲ ಮಾಡಿರಬೇಕು. ಕೊನೆಗೆ ಕೈಗಡಿಯಾರ ಬಿಚ್ಚಿ ಬಲಗಿವಿಗೆ ಹಿಡಿದೆ, ಟಿಕ್ ಟಿಕ್ ಎಂದಿತು. ಎಡಗಿವಿಗೆ ಹಿಡಿದೆ. ಏನೂ ಇಲ್ಲ.

ಕೆಳಗೆ ಹೋಗಿ ಬಾಗಿಲು ತಟ್ಟಿದೆ. ಆ ಮನುಷ್ಯ ನನ್ನನ್ನು ನೋಡಿದ ಕೂಡಲೇ ಕೈಮುಗಿದ. “ಸಾರ್, ಫ್ರಿಜ್ ಕೆಟ್ಟು ರಿಪೇರಿಗೆ ಹೋಗಿ ಎರಡು ತಿಂಗಳಾಯ್ತು. ನಿಮ್ಮಾಣೆ. ಬೇಕಾದ್ರೆ ಒಳಗೆ ಬಂದು ನೋಡಿ” ಎಂದ. ಅಡುಗೆಮನೆಯಲ್ಲಿ ಅದಿದ್ದ ಜಾಗ ಖಾಲಿ. ನನಗೆ ಅಲ್ಲೇ ನಿಂತಾಗಲೂ ಗುಂಯ್ ಎನ್ನುತ್ತಿತ್ತು. ಪಾಪ, ಅವನಿಗೆ ಎಷ್ಟು ಬೈದಿದ್ದೆ.

ಮೇಲೆ ಬಂದು ಕುರ್ಚಿಯಲ್ಲಿ ಕೂತೆ. ನೀನು ನಂಬುತ್ತೀಯೋ ಇಲ್ಲವೋ, ಮೊದಲು ಬಂದದ್ದು ಸಂತೋಷ. ನಿನಗೇನೂ ಆಗಿಲ್ಲ! ನಾಲ್ಕು ಚಪಾತಿ ನಿಜ, ಎರಡು ಮೈಲಿ ನಿಜ. ನನ್ನ ಯಂತ್ರದಲ್ಲಿ ಒಂದು ಕಡೆ, ನೀನು ಇಲ್ಲಿಯವರೆಗೆ ಆಡಿದ ಮಾತನ್ನೆಲ್ಲ ಕತ್ತರಿಸದೆ ಕೂಡಿಟ್ಟಿದ್ದೆ. ಕೆಮ್ಮು, ನಿಟ್ಟುಸಿರು, “ಹ್ಞೂಂ”, ಕುರ್ಚಿ ಎಳೆದ ಸದ್ದು, ಎಲ್ಲ. ಇನ್ನೆಷ್ಟು ದಿನ ಸಿಗುತ್ತೀಯೋ ಎಂದು ಮಾರ್ಚಿನಿಂದ ಹಾಗೆ ಮಾಡುತ್ತಿದ್ದೆ. ಒಂದೊಂದು ಸಲ ನಿನ್ನನ್ನು ಏರಿಸುವಾಗಲೂ, ಅಮ್ಮನನ್ನು ಹಿಡಿದುಕೊಳ್ಳಲು ಆಗಲಿಲ್ಲ, ಇವಳನ್ನಾದರೂ ಹಿಡಿದುಕೊಳ್ಳೋಣ ಎಂದೇ ಏರಿಸಿದ್ದು. ಹಗೆ ಎಂದು ಬರೆದಿದ್ದೀಯ. ಅದನ್ನು ಓದಿ ಅತ್ತೆ. ಆದರೆ ಆಯಾಗೆ ಆದದ್ದು ಆಗಿಹೋಯಿತು, ಅದಕ್ಕೆ ನನ್ನ ಜಂಬವೇ ಕಾರಣ. ಮೀಟರ್ ಕಡೆ ಒಂದು ಸಲ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಅಂಗಳದಲ್ಲಿ ಆಡಿದ ಮಾತಿಗೆ ಮೂರು ವರ್ಷದಿಂದ ಕ್ಷಮೆ ಕೇಳಬೇಕೆಂದಿದ್ದೆ. ಈಗ ಕೇಳುತ್ತಿದ್ದೇನೆ.

‘ಪಾಳಿ’ಯನ್ನು ಆ ಹುಡುಗಿಗೇ ಕೊಡು. ಒಳ್ಳೆಯ ಕೆಲಸಗಾರ್ತಿಯಾಗುತ್ತಾಳೆ. ನನ್ನದು ಮುಗಿಯಿತು, ಒಂದು ಕಿವಿಯಲ್ಲಿ ಸಮ ಮಾಡಲು ಆಗುವುದಿಲ್ಲ. ಅದಕ್ಕೆ ನೀನು ಬೇಸರಪಡಬೇಡ. ಕಿವಿಯಲ್ಲವೆ, ವಯಸ್ಸಿಗೆ ಹೋಗುವಂಥದ್ದೇ. ನೀನು ಚೆನ್ನಾಗಿದ್ದೀಯ, ನನಗಷ್ಟು ಸಾಕು.

ತಮ್ಮ

*

ಜೂನ್ 16

ಪಾಪು,

ಕಾಗದ ಈಗ ಬಂತು. ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಓದಿ, ಒಳಗೆ ಬಂದು ಬರೆಯುತ್ತಿದ್ದೇನೆ.

ವಯಸ್ಸಿಗೆ ಹೋಗುವ ಕಿವಿ ಎರಡೂ ಒಟ್ಟಿಗೆ ಹೋಗುತ್ತವೆ, ಒಂದು ಹೋಗುವುದಿಲ್ಲ. ಒಂದೇ ಕಿವಿ, ಅದೂ ಮೆಲ್ಲಮೆಲ್ಲಗೆ. ಜೊತೆಗೆ ಇಲ್ಲದ ಫ್ರಿಜ್ಜಿನ ಸದ್ದು. ಮೆಟ್ಟಿಲ ಮೇಲೆ ಜೋಲಿ. ಇಷ್ಟನ್ನೂ ನೀನು ಮಾರ್ಚಿನಲ್ಲೇ ನನಗೆ ಒಂದೇ ಕಾಗದದಲ್ಲಿ ಬರೆದು ಕಳಿಸಿದ್ದೆ. ಮೂವತ್ತಾರು ವರ್ಷ ನರ್ಸ್ ಆಗಿದ್ದವಳು ನಾನು. ವಾರ್ಡಿನಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ, ಬೈಯುವ ಮೊದಲು “ಯಾವ ಕಿವಿ ಕೇಳಿಸಲ್ಲ?” ಎಂದು ಕೇಳುವವಳು. ನಿನ್ನ ವಿಷಯದಲ್ಲಿ ಮಾತ್ರ ನೇರವಾಗಿ ಹಗೆ ಎಂದು ಓದಿಕೊಂಡೆ.

ಅಮ್ಮನ ಸಲ ನಾನು ಎಂಟು ತಿಂಗಳು ಬಾಯಿ ಹೊಲಿದುಕೊಂಡಿದ್ದೆ. ಅದು ತಪ್ಪು. ಅಮ್ಮ ಹೇಳಬೇಡ ಅಂದರೂ ಅದು ತಪ್ಪೇ. ನಿನ್ನ ಪಾಲಿನ ಎಂಟು ತಿಂಗಳನ್ನು ನಾನು ಇಟ್ಟುಕೊಂಡೆ. ಅದಕ್ಕೇ ಈ ಸಲ ನನಗೆ ಅನಿಸಿದ್ದನ್ನು ಅನಿಸಿದ ಹಾಗೇ ಬರೆಯುತ್ತೇನೆ, ಗಟ್ಟಿಯಾಗಿ ಕೂತು ಓದು. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಒಂದು ಗಂಟು ಬೆಳೆದಾಗ ಹೀಗೇ ಆಗುತ್ತದೆ. ಹಾಗೆಯೇ ಆಗಿದೆ ಎಂದು ನಾನು ಹೇಳುತ್ತಿಲ್ಲ, ಆಗಿರಬಹುದು. ತಲೆಯ ಸ್ಕ್ಯಾನ್ ಮಾಡಿಸದೆ ಯಾರೂ ಹೇಳಲಾರರು. ಆಗಿದ್ದರೂ ಅಂಥ ಗಂಟುಗಳು ಸಾಮಾನ್ಯವಾಗಿ ಹರಡುವ ಜಾತಿಯವಲ್ಲ, ನಿಧಾನವಾಗಿ ಬೆಳೆಯುತ್ತವೆ, ವೈದ್ಯರಿಗೆ ದಾರಿಗಳಿವೆ. ಹೋದ ಕಿವಿ ಮಾತ್ರ ಬಹುಶಃ ಬರುವುದಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಇದರಲ್ಲಿ ಒಂದಕ್ಷರವನ್ನೂ ನಾನು ನನ್ನ ಬಳಿ ಉಳಿಸಿಕೊಂಡಿಲ್ಲ.

ಹೋದ ವಾರ ಆಯಾಳ ಮನೆಗೆ ಹೋಗಿದ್ದೆ. ಎಕ್ಸ್‌ರೇ ಹುಡುಗಿ ಸರಿಮಾಡಿದ ಕಂತನ್ನು ಕೇಳಿಸಿದೆ. ಪೂರ್ತಿ ಕೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, “ಇನ್ನೊಂದ್ಸಲ ಹಾಕಮ್ಮ” ಎಂದಳು. ಒಂದು ವಿಷಯ ಹೇಳಲೇಬೇಕು. ದನಿ ಸಮವಾದ ಮೇಲೂ ನಾನು ಅವಳ ಮಾತಿಗೆ ಒಂಬತ್ತು ಕಡೆ ಅಡ್ಡ ಬಂದಿದ್ದೇನೆ. ಅಂಗಳದಲ್ಲಿ ನೀನು ಆಡಿದ್ದಕ್ಕೆ ಕ್ಷಮೆ ಬೇಡ.

ಬುಧವಾರ ಬೆಳಗಿನ ರೈಲಿಗೆ ಹೊರಡುತ್ತೇನೆ, ಮಧ್ಯಾಹ್ನ ನಿನ್ನ ಮನೆಯಲ್ಲಿರುತ್ತೇನೆ. ಗುರುವಾರಕ್ಕೆ ಸ್ಕ್ಯಾನಿಗೆ ಹೇಳಿಸುತ್ತೇನೆ. ಅಲ್ಲಿಯವರೆಗೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ರಸ್ತೆ ದಾಟಬೇಡ, ಬೇಕಾದ್ದನ್ನು ಆ ಫ್ರಿಜ್ಜಿನವನ ಕೈಯಲ್ಲಿ ತರಿಸಿಕೋ.

ನನಗೆ ತುಂಬ ಹೆದರಿಕೆಯಾಗುತ್ತಿದೆ ಪಾಪು. ಇದನ್ನು ಓದಿ ನಿನಗೂ ಆಗುತ್ತದೆ, ಗೊತ್ತು. ಅಮ್ಮನ ಸಲ ನಾನೊಬ್ಬಳೇ ಹೆದರಿಕೊಂಡಿದ್ದೆ. ಈ ಸಲ ಇಬ್ಬರೂ ಸೇರಿ ಹೆದರೋಣ.

ಅಕ್ಕ